ಬಾಗಬೇಕಾದವರು ಯಾರು? ಮೂರು ಗಾಲಿಯ ಮೇಲೊಂದು ಹ್ಯಾಂಡಲ್

1948ರ ಸೆಪ್ಟೆಂಬರ್ 13. ಅಮೆರಿಕದ ಬಾನೆವಿಲ್ ಎಂಬಲ್ಲಿನ ಒಣ ಉಪ್ಪಿನ ಬಯಲು. ರೋಲಿ ಫ್ರೀ ಎಂಬ ಸವಾರ ಹಿಂದಿನ ಓಟದಲ್ಲಿ ಹರಿದುಹೋಗಿದ್ದ ಚರ್ಮದ ಉಡುಗೆಯನ್ನು ಕಳಚಿ, ಬರೀ ಈಜುಚಡ್ಡಿಯಲ್ಲಿ ವಿನ್ಸೆಂಟ್ ಮೋಟಾರುಬೈಕಿನ ಮೇಲೆ ಬೋರಲು ಮಲಗಿದ. ಕಾಲುಗಳು ಹಿಂದಕ್ಕೆ ಚಾಚಿಕೊಂಡಿದ್ದವು, ತಲೆ ತಗ್ಗಿತ್ತು, ಕೈಗಳು ಮಾತ್ರ ಹ್ಯಾಂಡಲಿನ ಮೇಲಿದ್ದವು. ಅವತ್ತು ದಾಖಲಾದ ವೇಗ ಗಂಟೆಗೆ 150.313 ಮೈಲಿ, ಅಂದರೆ ಸುಮಾರು 242 ಕಿಲೋಮೀಟರ್. ಗಾಳಿಗೆ ಅಡ್ಡಬರುವ ದೇಹವನ್ನು ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿದ ಭಂಗಿ ಅದು. ಆ ಛಾಯಾಚಿತ್ರ ಮೋಟಾರುಬೈಕಿನ ಚರಿತ್ರೆಯಲ್ಲೇ ಅತ್ಯಂತ ಪ್ರಸಿದ್ಧವಾದವುಗಳಲ್ಲಿ ಒಂದು.

ಅದೇ 1948ರಲ್ಲಿ ಇಟಲಿಯ ಪಿಯಾಜಿಯೊ ಕಂಪನಿ ‘ಆಪೆ’ ಎಂಬ ಮೂರು ಗಾಲಿಯ ಗಾಡಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಎರಡು ವರ್ಷ ಮೊದಲು ಬಂದಿದ್ದ ಸ್ಕೂಟರಿನ ಹೆಸರು ವೆಸ್ಪಾ, ಎಂದರೆ ಕಣಜ. ಆಪೆ ಎಂದರೆ ಜೇನುನೊಣ. ಕಣಜ ಸುತ್ತಾಡಲಿಕ್ಕೆ, ಜೇನುನೊಣ ದುಡಿಯಲಿಕ್ಕೆ. ವೆಸ್ಪಾದ ಮುಂಭಾಗವನ್ನು ಹ್ಯಾಂಡಲ್ ಸಮೇತ ಹಾಗೆಯೇ ಉಳಿಸಿಕೊಂಡು, ಹಿಂದಿನ ಒಂದು ಗಾಲಿಯ ಜಾಗದಲ್ಲಿ ಎರಡು ಗಾಲಿ ಕೂರಿಸಿ, ಮೇಲೊಂದು ಸಾಮಾನು ಪೆಟ್ಟಿಗೆ ಇಟ್ಟರೆ ಆಪೆ ಆಗುತ್ತಿತ್ತು. ಅದರ ಸವಾರ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ಅವನಿಗೆ ದಾಖಲೆ ಬೇಕಿರಲಿಲ್ಲ, ಸಂಜೆಯವರೆಗೆ ದುಡಿಯುವ ತ್ರಾಣ ಬೇಕಿತ್ತು.

ಕಾರವಾರದ ಬಸ್ ನಿಲ್ದಾಣದ ಎದುರು ಐದು ನಿಮಿಷ ನಿಂತರೆ ಈ ಎರಡೂ ಭಂಗಿಗಳ ವಂಶಸ್ಥರು ಕಣ್ಣಿಗೆ ಬೀಳುತ್ತಾರೆ. ಹ್ಯಾಂಡಲ್ ತಗ್ಗಿಸಿದ ಬೈಕಿನ ಮೇಲೆ ಟ್ಯಾಂಕಿಗೆ ಎದೆ ತಾಗಿಸಿಕೊಂಡು ಸಾಗುವ ಹುಡುಗ ಒಂದು ಕಡೆ, ನೆಟ್ಟಗೆ ಕೂತು ಗಿರಾಕಿಗಾಗಿ ಕಾಯುವ ರಿಕ್ಷಾ ಚಾಲಕ ಇನ್ನೊಂದು ಕಡೆ. ಇಬ್ಬರ ಕೈಯಲ್ಲೂ ಇರುವುದು ಹ್ಯಾಂಡಲೇ. ಆದರೆ ಎರಡೂ ಒಂದೇ ಅಲ್ಲ. ಓಟದ ಬೈಕಿನ ಹ್ಯಾಂಡಲನ್ನು, ಅದರ ಜೊತೆಗೆ ಬರುವ ಭಂಗಿಯನ್ನು ಮೂರು ಗಾಲಿಯ ಗಾಡಿಗೆ ತಂದರೆ ಏನಾಗುತ್ತದೆ? ಪ್ರಶ್ನೆ ಗ್ಯಾರೇಜಿನದು ಅನ್ನಿಸಬಹುದು. ಆದರೆ ಅದರ ಹಿಂದೆ ಸುಮಾರು ಮುನ್ನೂರ ಎಪ್ಪತ್ತು ವರ್ಷಗಳ ಚರಿತ್ರೆ ಇದೆ. ಯಂತ್ರ ದೇಹಕ್ಕೆ ಬಾಗಬೇಕೋ, ದೇಹ ಯಂತ್ರಕ್ಕೆ ಬಾಗಬೇಕೋ ಎಂಬ ತಕರಾರಿನ ಚರಿತ್ರೆ ಅದು.

ನಡೆಯಲಾಗದವನ ಗಾಡಿ

ಮೂರು ಗಾಲಿಯ ಸ್ವಯಂಚಾಲನೆಯ ಕಥೆ ಎಂಜಿನ್ನಿನಿಂದ ಶುರುವಾಗುವುದಿಲ್ಲ. 1655ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಬಳಿಯ ಆಲ್ಟ್‌ಡಾರ್ಫ್ ಎಂಬ ಊರಿನಲ್ಲಿ ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರ ತಯಾರಕನಿದ್ದ. ಅವನ ಕಾಲುಗಳಿಗೆ ಶಕ್ತಿ ಇರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನು ತನಗಾಗಿ ಮೂರು ಗಾಲಿಯ ಕುರ್ಚಿಯೊಂದನ್ನು ಮಾಡಿಕೊಂಡ. ಎರಡೂ ಕೈಗಳಿಂದ ಹಿಡಿ ತಿರುಗಿಸಿದರೆ ಹಲ್ಲುಗಾಲಿಗಳ ಮೂಲಕ ಮುಂದಿನ ಗಾಲಿ ಉರುಳುತ್ತಿತ್ತು. ಗಡಿಯಾರದ ಒಳಗಿನ ವಿದ್ಯೆಯನ್ನು ಅವನು ರಸ್ತೆಗೆ ಇಳಿಸಿದ್ದ. ಯಂತ್ರವನ್ನು ದೇಹಕ್ಕೆ ತಕ್ಕಂತೆ ಬದಲಿಸುವ ಕೆಲಸ ಮೂರು ಗಾಲಿಯ ಗಾಡಿಗೆ ಆಮೇಲೆ ಅಂಟಿಕೊಂಡ ಶೋಕಿಯಲ್ಲ ಎಂಬುದಕ್ಕೆ ಫಾರ್ಫ್ಲರನ ಕುರ್ಚಿ ಸಾಕ್ಷಿ. ಅದು ಆ ಗಾಡಿಯ ಹುಟ್ಟಿನಲ್ಲೇ ಇದೆ.

1817ರಲ್ಲಿ ಕಾರ್ಲ್ ಡ್ರೈಸ್ ಮಾನ್‌ಹೈಮ್ ಊರಿನಲ್ಲಿ ಕಾಲಿನಿಂದ ನೆಲ ಒದ್ದು ಓಡಿಸುವ ಎರಡು ಗಾಲಿಯ ಯಂತ್ರವನ್ನು ತೋರಿಸಿದ. ಅದಕ್ಕೆ ಪೆಡಲ್ ಇರಲಿಲ್ಲ, ಆದರೆ ಮುಂದಿನ ಗಾಲಿಯನ್ನು ತಿರುಗಿಸುವ ಹಿಡಿ ಇತ್ತು. ಸೈಕಲ್ಲಿಗೆ ಪೆಡಲಿಗಿಂತ ಮೊದಲು ಬಂದದ್ದು ಹ್ಯಾಂಡಲ್. ಅದೇ ಮಾನ್‌ಹೈಮಿನಲ್ಲಿ 1885ರ ಹೊತ್ತಿಗೆ ಕಾರ್ಲ್ ಬೆಂಜ್ ಕಟ್ಟಿದ ಮೊದಲ ಮೋಟಾರು ಗಾಡಿಗೂ ಇದ್ದದ್ದು ಮೂರೇ ಗಾಲಿ. ಮುಂದೆ ಎರಡು ಗಾಲಿ ಇಟ್ಟು ಅವನ್ನು ಸರಿಯಾಗಿ ಹೊರಳಿಸುವ ಉಪಾಯ ಬೆಂಜ್‌ಗೆ ಸಮಾಧಾನವಾಗುವಂತೆ ಕೂಡಿಬಂದಿರಲಿಲ್ಲ. ಹಾಗಾಗಿ ಮುಂದೆ ಒಂದೇ ಗಾಲಿ. ಅದನ್ನು ತಿರುಗಿಸಲು ಒಂದು ಸಣ್ಣ ಹಿಡಿ, ಹೆಚ್ಚುಕಡಿಮೆ ದೋಣಿಯ ಚುಕ್ಕಾಣಿಯ ಹಿಡಿಯಂಥದ್ದು. ಕರಾವಳಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹಿಡಿ ಉದ್ದವಾದಷ್ಟೂ ಕೈಗೆ ಹಗುರ.

ಈ ಮಾತನ್ನು ನೆನಪಿಟ್ಟುಕೊಂಡರೆ ಹ್ಯಾಂಡಲಿನ ಮುಂದಿನ ಕಥೆ ಸುಲಭ. ಹ್ಯಾಂಡಲ್ ಮೂಲತಃ ಒಂದು ಸನ್ನೆಗೋಲು. ಅದರ ಅಗಲ, ಎತ್ತರ, ಹಿಂದಕ್ಕೆ ಬಾಗಿದ ಕೋನ ಮೂರೂ ಸೇರಿ ಸವಾರನ ಬೆನ್ನು, ಹೆಗಲು, ಮಣಿಕಟ್ಟು ಎಲ್ಲಿರಬೇಕೆಂದು ತೀರ್ಮಾನಿಸುತ್ತವೆ.

ಸಾಮಾನಿನ ಗಾಡಿ ರಿಕ್ಷಾ ಆದದ್ದು

ವೆಸ್ಪಾವನ್ನು ರೂಪಿಸಿದ ಕೊರಾದಿನೊ ದಸ್ಕಾನಿಯೊ ವಿಮಾನ, ಹೆಲಿಕಾಪ್ಟರುಗಳ ಎಂಜಿನಿಯರು. ಮೋಟಾರುಬೈಕು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಎಣ್ಣೆ ಹಾರಿಸುವ ಚೈನು, ಕಾಲೆತ್ತಿ ಹತ್ತಬೇಕಾದ ಸೀಟು, ಪಂಕ್ಚರಾದರೆ ಕಳಚಲು ಕಷ್ಟವಾದ ಗಾಲಿ ಯಾವುದೂ ಇಷ್ಟವಿರಲಿಲ್ಲ. ಕುರ್ಚಿಯ ಮೇಲೆ ಕೂತಂತೆ ಕೂರುವ, ಬಟ್ಟೆ ಕೊಳೆಯಾಗದ ಗಾಡಿಯನ್ನು ಅವರು ಯೋಚಿಸಿದರು. ಗೇರನ್ನು ಕಾಲಿನಿಂದ ತೆಗೆದು ಹ್ಯಾಂಡಲಿನ ಎಡಹಿಡಿಗೆ ತಂದರು. ಓಟದ ಭಂಗಿಗೆ ಬೇಕೆಂದೇ ಬೆನ್ನು ತಿರುಗಿಸಿದ ವಿನ್ಯಾಸ ಅದು. ಆಪೆಗೆ ಬಂದದ್ದೂ ಆ ಹ್ಯಾಂಡಲೇ.

ಇದು ಭಾರತಕ್ಕೆ ಬಂದದ್ದು ಮುಂಬಯಿ ಪ್ರಾಂತದ ಮೂಲಕ. ಮನುಷ್ಯ ಮನುಷ್ಯನನ್ನು ಎಳೆಯುವ, ತುಳಿಯುವ ರಿಕ್ಷಾಗಳು ಹೋಗಬೇಕೆಂಬ ಮಾತು ಸ್ವಾತಂತ್ರ್ಯದ ಆಸುಪಾಸಿನಲ್ಲಿ ಅಲ್ಲಿ ಬಲವಾಗಿತ್ತು. ಆಗ ಪ್ರಾಂತದ ಗೃಹಮಂತ್ರಿಯಾಗಿದ್ದವರು ಮೊರಾರ್ಜಿ ದೇಸಾಯಿ. ಪುಣೆಯ ಉದ್ಯಮಿ ನವಲಮಲ್ ಫಿರೋದಿಯಾ ಪಿಯಾಜಿಯೊದ ಸಾಮಾನು ಗಾಡಿಯನ್ನು ತರಿಸಿ, ಅದರಲ್ಲಿ ಜನ ಕೂರುವಂತೆ ಮಾರ್ಪಡಿಸಿ ತೋರಿಸಿದರು. ಮುಂದೆ ಬಜಾಜ್ ಕಂಪನಿ ಪಿಯಾಜಿಯೊ ಜೊತೆ ಒಪ್ಪಂದ ಮಾಡಿಕೊಂಡು 1960ರ ದಶಕದಲ್ಲಿ ಸ್ಕೂಟರು, ರಿಕ್ಷಾಗಳನ್ನು ಇಲ್ಲೇ ತಯಾರಿಸತೊಡಗಿತು. ಒಪ್ಪಂದ 1971ರಲ್ಲಿ ಮುಗಿಯಿತು, ಚೇತಕ್ ಸ್ಕೂಟರು ಬಂತು, ಹ್ಯಾಂಡಲ್ ಮಾತ್ರ ಉಳಿಯಿತು. ಇಂದು ಗಾಡಿ ಮಾರ್ಪಡಿಸುವುದೆಂದರೆ ಪುಂಡರ ಕೆಲಸ ಎಂಬಂತೆ ಮಾತಾಡುವ ನಾವು, ದಿನಬೆಳಗಾದರೆ ಹತ್ತುವ ರಿಕ್ಷಾ ಒಂದು ಮಾರ್ಪಾಡಿನಿಂದಲೇ ಹುಟ್ಟಿದ್ದೆಂಬುದನ್ನು ಮರೆತಿದ್ದೇವೆ.

ಉತ್ತರ ಕನ್ನಡಕ್ಕೂ ಈ ಕಥೆಗೂ ಆಡಳಿತದ ನಂಟಿದೆ. 1862ರಲ್ಲಿ ಈ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಗಿತ್ತು. 1956ರ ತನಕ ಕಾರವಾರ, ಅಂಕೋಲೆಗಳು ಮುಂಬಯಿಯ ಆಡಳಿತದಲ್ಲೇ ಇದ್ದವು. ರಿಕ್ಷಾ ಎಂಬ ಹೊಸ ಗಾಡಿಗೆ ಮೊದಲ ಅನುಮತಿಯ ಚರ್ಚೆ ನಡೆದದ್ದು ಈ ಊರುಗಳು ಸೇರಿದ್ದ ಸರಕಾರದಲ್ಲೇ. ಬೆಂಗಳೂರಿನವರು ‘ಆಟೊ’ ಎಂದರೆ ಇಲ್ಲಿಯವರು ಇಂದಿಗೂ ‘ರಿಕ್ಷಾ’ ಎನ್ನುತ್ತಾರೆ. 1980ರ ‘ಆಟೋ ರಾಜ’ ಚಿತ್ರದ ಶಂಕರ್‌ನಾಗ್ ಮಾತ್ರ ಎರಡೂ ಕಡೆಯ ಗಾಜಿನ ಮೇಲಿದ್ದಾರೆ.

1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ರಿಕ್ಷಾದ ಕೆಲಸ ಹೆಚ್ಚಿತು. ಕಾರವಾರದ ರೈಲು ನಿಲ್ದಾಣ ಇರುವುದು ಶಿರವಾಡದಲ್ಲಿ, ಪೇಟೆಯಿಂದ ದೂರ. ಅಂಕೋಲೆಯ ನಿಲ್ದಾಣವೂ ಪೇಟೆಗೆ ತಾಗಿಕೊಂಡಿಲ್ಲ. ರೈಲಿಳಿದವರ ಚೀಲಗಳು, ಮೀನಿನ ಬುಟ್ಟಿಗಳು, ಹಾಲಕ್ಕಿ ಹೆಂಗಸರ ತರಕಾರಿ ಹೆಡಿಗೆಗಳು, ಬೇಸಿಗೆಯಲ್ಲಿ ಈಶಾಡು ಮಾವಿನ ಹಣ್ಣುಗಳು ಎಲ್ಲವೂ ಈ ಮೂರು ಗಾಲಿಯ ಮೇಲೆ ಸಾಗುತ್ತವೆ. ಈ ಭಾರವನ್ನೆಲ್ಲ ತಿರುಗಿಸುವುದು ಚಾಲಕನ ಎರಡು ತೋಳುಗಳು.

ಹಳೆಯ ರಿಕ್ಷಾದ ಹ್ಯಾಂಡಲನ್ನು ಒಮ್ಮೆ ಗಮನಿಸಿ. ಎಡಹಿಡಿಯಲ್ಲಿ ಕ್ಲಚ್ ಮತ್ತು ಗೇರು: ಕ್ಲಚ್ ಒತ್ತಿ ಇಡೀ ಹಿಡಿಯನ್ನೇ ಮೇಲೆ ಕೆಳಗೆ ತಿರುಗಿಸಬೇಕು. ಬಲಹಿಡಿಯಲ್ಲಿ ಎಕ್ಸಲರೇಟರ್. ಬ್ರೇಕು ಮಾತ್ರ ಕಾಲಿಗೆ. ಪೇಟೆಯಲ್ಲಿ ಓಡಿಸುವಾಗ ಎಡ ಮಣಿಕಟ್ಟು ದಿನಕ್ಕೆ ನೂರಾರು ಸಲ ಹೀಗೆ ತಿರುಗುತ್ತದೆ. ಹಿಡಿ ಸರಿಯಾದ ಎತ್ತರದಲ್ಲಿ, ಮೊಣಕೈ ಸ್ವಲ್ಪ ಬಾಗಿದ್ದರೆ ಮಾತ್ರ ಇದು ತಾಳುವ ಕೆಲಸ.

ಹಾಗಾದರೆ ಕಾರಿನ ಸ್ಟೀರಿಂಗ್ ಯಾಕೆ ಬರಲಿಲ್ಲ? ಬಂದಿತ್ತು. 1958ರಲ್ಲಿ ಹುಟ್ಟಿದ ಬಜಾಜ್ ಟೆಂಪೊ ಕಂಪನಿ ಜರ್ಮನಿಯ ಮಾದರಿಯಲ್ಲಿ ತಯಾರಿಸಿದ ಮೂರು ಗಾಲಿಯ ಹ್ಯಾನ್ಸಿಯಟ್ ಗಾಡಿಗೆ ಸ್ಟೀರಿಂಗ್ ಚಕ್ರವೇ ಇತ್ತು. ‘ಟೆಂಪೊ’ ಎಂಬ ಪದ ನಮ್ಮ ಮಾತಿನೊಳಗೆ ಸೇರಿಹೋದದ್ದೇ ಆ ಕಂಪನಿಯಿಂದ. 2005ರಲ್ಲಿ ಬಂದ ನಾಲ್ಕು ಗಾಲಿಯ ಟಾಟಾ ಏಸ್ ಸಾಮಾನು ಸಾಗಿಸುವ ಮೂರು ಗಾಲಿಯವರ ಕೆಲಸವನ್ನು ದೊಡ್ಡ ಪಾಲು ಕಿತ್ತುಕೊಂಡಿತು. ಆದರೂ ಜನ ಸಾಗಿಸುವ ರಿಕ್ಷಾದಲ್ಲಿ ಹ್ಯಾಂಡಲೇ ಉಳಿದಿದೆ. 2018ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಮಹೀಂದ್ರದ ವಿದ್ಯುತ್ ರಿಕ್ಷಾ ಟ್ರಿಯೊ ಕೂಡ ಹ್ಯಾಂಡಲ್ ಹಿಡಿದೇ ಬಂತು. ಕಾರಣ ಸರಳ. ಮುಂದಿನ ಒಂದೇ ಗಾಲಿಗೆ ನೇರವಾಗಿ ಕೂರುವ ಹ್ಯಾಂಡಲಿಗೆ ನಡುವೆ ಹಲ್ಲುಗಾಲಿ ಬೇಡ, ಖರ್ಚು ಕಡಿಮೆ, ದುರಸ್ತಿ ಸುಲಭ. ರಿಕ್ಷಾ ಮೂರು ಮೀಟರಿಗಿಂತ ಕಡಿಮೆ ತ್ರಿಜ್ಯದಲ್ಲಿ ತಿರುಗಿಬಿಡುತ್ತದೆ. ಅಂಕೋಲೆಯ ಪೇಟೆ ಬೀದಿಯಲ್ಲಿ ಒಂದೇ ಪಟ್ಟಿಗೆ ಗಾಡಿ ತಿರುಗಿಸುವ ಚಾಲಕನಿಗೆ ಇದರ ಬೆಲೆ ಗೊತ್ತು.

ಗೂನು ಬೆನ್ನು ಅಂದ ಆದದ್ದು

ಇನ್ನು ಇನ್ನೊಂದು ವಂಶದ ಕಥೆ. ಮುಂದಕ್ಕೆ ಬಾಗಿ ಓಡಿಸುವುದು ಅಂದವೆಂಬ ಭಾವನೆಗೆ ಹೆಚ್ಚು ವಯಸ್ಸಾಗಿಲ್ಲ. 1890ರ ದಶಕದಲ್ಲಿ ಯುರೋಪು, ಅಮೆರಿಕಗಳಲ್ಲಿ ಸೈಕಲ್ ಹುಚ್ಚು ಹಬ್ಬಿದಾಗ, ಕೆಳಗಿಳಿಸಿದ ಹ್ಯಾಂಡಲಿನ ಮೇಲೆ ಬಾಗಿ ವೇಗವಾಗಿ ಹೋಗುವವರನ್ನು ‘ಸ್ಕಾರ್ಚರ್’ ಎಂದು ಪತ್ರಿಕೆಗಳು ಹಂಗಿಸುತ್ತಿದ್ದವು. ಹೀಗೆ ಬಾಗಿದರೆ ಬೆನ್ನು ಗೂನಾಗುತ್ತದೆಂಬ ಎಚ್ಚರಿಕೆಗಳಿದ್ದವು. ಅದಕ್ಕೊಂದು ಲ್ಯಾಟಿನ್ ಕಾಯಿಲೆಯ ಹೆಸರೂ ಹುಟ್ಟಿತ್ತು. ಆ ಕಾಲದ ಮರ್ಯಾದಸ್ಥರ ಕಣ್ಣಿನಲ್ಲಿ ನೆಟ್ಟಗೆ ಕೂರುವುದು ಸಭ್ಯತೆ, ಬಾಗುವುದು ಅಸಭ್ಯತೆ.

ಓಟದ ಮೈದಾನ ಇದನ್ನು ತಿರುಗಿಸಿತು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 30 ಕಿಲೋಮೀಟರಿನಲ್ಲಿ ಇರುವ ತಡೆ 60ರಲ್ಲಿ ನಾಲ್ಕು ಪಟ್ಟು, 120ರಲ್ಲಿ ಹದಿನಾರು ಪಟ್ಟು. ಆದ್ದರಿಂದ ಓಟಗಾರನಿಗೆ ತಗ್ಗುವುದು ಅಲಂಕಾರವಲ್ಲ, ಲೆಕ್ಕಾಚಾರ. 1950–60ರ ದಶಕಗಳ ಲಂಡನ್ನಿನಲ್ಲಿ ಏಸ್ ಕೆಫೆಯಂಥ ಹೋಟೆಲುಗಳ ಸುತ್ತ ಸೇರುತ್ತಿದ್ದ ದುಡಿಯುವ ವರ್ಗದ ಹುಡುಗರು ಈ ಲೆಕ್ಕಾಚಾರವನ್ನು ಬೀದಿಗೆ ತಂದರು. ಕಂಪನಿ ಕೊಟ್ಟ ಅಗಲ ಹ್ಯಾಂಡಲನ್ನು ಕಿತ್ತು, ಮುಂದಿನ ಫೋರ್ಕಿನ ಎರಡು ಕೊಳವೆಗಳಿಗೆ ಒಂದೊಂದು ಗಿಡ್ಡ ಹಿಡಿಯನ್ನು ಬಿಗಿದರು. ಅದಕ್ಕೆ ಕ್ಲಿಪ್-ಆನ್ ಎಂದು ಹೆಸರು. ಕಾಲಿಡುವ ಜಾಗವನ್ನು ಹಿಂದಕ್ಕೆ ಸರಿಸಿದರು. ಅಗ್ಗದ ಬೈಕನ್ನು ಓಟದ ಬೈಕಿನಂತೆ ಮಾಡಿಕೊಂಡದ್ದು ಅವರ ಹೆಮ್ಮೆ. 1960ರ ದಶಕದ ನಡುವಿಗೆ ರಾಯಲ್ ಎನ್‌ಫೀಲ್ಡ್ ತನ್ನ ಕಾಂಟಿನೆಂಟಲ್ ಜಿಟಿಯನ್ನು ಇದೇ ಹಿಡಿಗಳೊಂದಿಗೆ ಕಾರ್ಖಾನೆಯಿಂದಲೇ ಹೊರಬಿಟ್ಟಿತು. ಬೀದಿಯ ಮಾರ್ಪಾಡು ಕಂಪನಿಯ ಮಾದರಿಯಾಯಿತು.

ಕರ್ನಾಟಕದಲ್ಲಿ ಇದು ತಡವಾಗಿ ಬಂತು. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಆಮೇಲಿನ ಯೆಜ್ಡಿಗಳಲ್ಲಿ ಸವಾರ ಗತ್ತಿನಿಂದ ನೆಟ್ಟಗೆ ಕೂರುತ್ತಿದ್ದ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100 ಹುಡುಗರ ಕನಸಾಯಿತು; ಅದರ ಹ್ಯಾಂಡಲ್ ಬದಲಿಸುವುದು ಗ್ಯಾರೇಜುಗಳ ನಿತ್ಯದ ಕೆಲಸವಾಯಿತು. 2008ರಲ್ಲಿ ಯಮಾಹಾ ಆರ್15 ಬಂದ ಮೇಲೆ ಓಟದ ಭಂಗಿ ಅಂಗಡಿಯಲ್ಲೇ ಸಿಗತೊಡಗಿತು. ಕಾರವಾರ–ಅಂಕೋಲೆಗಳ ನಡುವಿನ ಸುಮಾರು 35 ಕಿಲೋಮೀಟರಿನ ಹೆದ್ದಾರಿ ಅಗಲವಾಗಿ, ಬಿಣಗಾ ಬಳಿ ಗುಡ್ಡ ಕೊರೆದು ಸುರಂಗ ಬಂದ ಮೇಲೆ ಆ ಭಂಗಿಗೆ ತಕ್ಕ ರಸ್ತೆಯೂ ಸಿಕ್ಕಿತು.

ಆದರೆ ಈ ಭಂಗಿಯ ಒಂದು ಗುಟ್ಟನ್ನು ಗಮನಿಸಬೇಕು. ಮುಂದಕ್ಕೆ ಬಾಗಿದ ಸವಾರನ ಮೇಲ್ಮೈಯ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ. ವೇಗದಲ್ಲಿ ಎದುರು ಗಾಳಿ ಎದೆಯನ್ನು ಒತ್ತಿ ಎತ್ತಿಹಿಡಿಯುತ್ತದೆ, ಮಣಿಕಟ್ಟಿನ ಭಾರ ಇಳಿಯುತ್ತದೆ. ನಿಧಾನಕ್ಕೆ ಹೋಗುವಾಗ ಆ ಆಸರೆ ಇಲ್ಲ. ಹೆದ್ದಾರಿಯಲ್ಲಿ ಹಾಯೆನಿಸಿದ ಅದೇ ಬೈಕು ಪೇಟೆಯ ಗದ್ದಲದಲ್ಲಿ ಕೈ ನೋಯಿಸುವುದು ಇದೇ ಕಾರಣಕ್ಕೆ. ಓಟದ ಭಂಗಿಯಲ್ಲಿ ಸವಾರನ ಎದೆಗೆ ಗಾಳಿಯೂ ಒಂದು ಊರುಗೋಲು.

ವಾಲದ ಗಾಡಿ

ಈಗ ಮೂರು ಗಾಲಿಗೆ ಬರೋಣ. ಎರಡು ಗಾಲಿಯ ಗಾಡಿ ತಿರುವಿನಲ್ಲಿ ವಾಲುತ್ತದೆ. ವೇಗದಲ್ಲಿ ಎಡಕ್ಕೆ ಹೋಗಬೇಕಾದ ಸವಾರ ಎಡಹಿಡಿಯನ್ನು ಮುಂದಕ್ಕೆ ತುಸು ಒತ್ತುತ್ತಾನೆ. ಬೈಕು ಎಡಕ್ಕೆ ವಾಲುತ್ತದೆ, ವಾಲಿದ ಮೇಲೆ ತಾನೇ ತಿರುಗುತ್ತದೆ. ಬಹುಪಾಲು ಸವಾರರು ಇದನ್ನು ಅರಿವಿಲ್ಲದೆಯೇ ಮಾಡುತ್ತಾರೆ. ಇಲ್ಲಿ ಹ್ಯಾಂಡಲ್ ಸೂಚನೆ ಕೊಟ್ಟರೆ ಸಾಕು, ಉಳಿದದ್ದು ಗಾಡಿಯದೇ ಕೆಲಸ. ಆದ್ದರಿಂದಲೇ ಕ್ಲಿಪ್-ಆನ್‌ನ ಗಿಡ್ಡ ಹಿಡಿ ಬೈಕಿಗೆ ನಡೆಯುತ್ತದೆ.

ರಿಕ್ಷಾ ಬೇಕೆಂದಂತೆ ವಾಲುವುದಿಲ್ಲ. ಅದನ್ನು ತಿರುಗಿಸಬೇಕೆಂದರೆ ಮುಂದಿನ ಗಾಲಿಯನ್ನು ತೋಳಿನ ಬಲದಿಂದಲೇ ಹೊರಳಿಸಬೇಕು, ತಿರುವು ಮುಗಿಯುವ ತನಕ ಹಿಡಿದಿರಬೇಕು. ಗಾಲಿಯನ್ನು ನೇರಕ್ಕೆ ತರಲು ಜೋಡಣೆಯೇ ಎಳೆಯುತ್ತಿರುತ್ತದೆ. ಸನ್ನೆಗೋಲಿನ ಲೆಕ್ಕ ಹಾಕೋಣ: 70 ಸೆಂಟಿಮೀಟರ್ ಅಗಲದ ಹ್ಯಾಂಡಲಿನಲ್ಲಿ 10 ಕಿಲೋ ಬಲ ಬೇಕಾಗುವ ಕಡೆ, 50 ಸೆಂಟಿಮೀಟರಿನ ಹ್ಯಾಂಡಲಿಗೆ 14 ಕಿಲೋ ಬೇಕು. ಗಿಡ್ಡ ಹ್ಯಾಂಡಲ್ ಬೈಕಿನವನಿಗೆ ಚುರುಕು ಕೊಟ್ಟರೆ ಮೂರು ಗಾಲಿಯವನಿಂದ ತೋಳುಬಲ ಕಸಿಯುತ್ತದೆ. ಅದೂ ಅಲ್ಲದೆ ರಿಕ್ಷಾದ ಮುಂದೆ ಗಾಜಿದೆ. ಬಾಗಿದ ಎದೆಯನ್ನು ಎತ್ತಿಹಿಡಿಯುವ ಗಾಳಿ ಒಳಗೆ ಬರುವುದೇ ಇಲ್ಲ. ಓಟದ ಭಂಗಿಯ ಲಾಭವೆಲ್ಲ ಹೊರಗುಳಿದು ನೋವು ಮಾತ್ರ ಒಳಗೆ ಕೂರುತ್ತದೆ.

ಇನ್ನೊಂದು ಅಪಾಯ ಗಾಡಿಯ ಆಕಾರದ್ದು. ಮುಂದೆ ಒಂದು, ಹಿಂದೆ ಎರಡು ಗಾಲಿ ಸೇರಿದರೆ ನೆಲದ ಮೇಲೊಂದು ತ್ರಿಕೋನ. ಗಾಡಿಯ ಭಾರ ಆ ತ್ರಿಕೋನದ ಒಳಗೆ ಇರುವ ತನಕ ಕ್ಷೇಮ. ತಿರುವಿನಲ್ಲಿ ಭಾರ ಹೊರಕ್ಕೆ ಜಗ್ಗುತ್ತದೆ. ಆಗಲೇ ಬ್ರೇಕು ಒತ್ತಿದರೆ ಭಾರ ಮುಂದಕ್ಕೂ ಸರಿಯುತ್ತದೆ, ಅಂದರೆ ತ್ರಿಕೋನ ಕಿರಿದಾಗುವ ಕಡೆಗೆ. ರಿಕ್ಷಾ ಮಗುಚುವುದು ಹೆಚ್ಚಾಗಿ ಹೀಗೆ. ಹ್ಯಾಂಡಲ್ ತಗ್ಗಿಸಿ ಮುಂದೆ ಬಾಗಿ ಕೂತ ಚಾಲಕ ತನ್ನ ಭಾರವನ್ನೂ ಅದೇ ಕಿರಿದಾದ ಮೂಲೆಗೆ ತಳ್ಳಿರುತ್ತಾನೆ. ಒಬ್ಬನ ಭಾರ ದೊಡ್ಡದಲ್ಲ ನಿಜ. ಆದರೆ ತುರ್ತಿನಲ್ಲಿ ಹ್ಯಾಂಡಲ್ ಸರಿಪಡಿಸಲು ಬೇಕಾದ ಬಲವೂ ಆಗಲೇ ಕಡಿಮೆಯಾಗಿರುತ್ತದೆ.

ಮೂರು ಗಾಲಿಯೂ ಇರಬೇಕು, ವಾಲಲೂ ಬೇಕು ಎಂಬ ಆಸೆ ಹಳೆಯದು. 1923ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಪಕ್ಕಪೆಟ್ಟಿಗೆಯ ಬೈಕುಗಳ ಮೊದಲ ಟಿಟಿ ಓಟ ನಡೆದಾಗ, ಗೆದ್ದ ಫ್ರೆಡ್ಡಿ ಡಿಕ್ಸನ್‌ನ ಡಗ್ಲಸ್ ಬೈಕಿಗೆ ಜೋಡಿಸಿದ್ದ ಪೆಟ್ಟಿಗೆ ವಾಲುವಂಥದ್ದಾಗಿತ್ತು. ಒಳಗೆ ಕೂತ ಜೊತೆಗಾರ ಸನ್ನೆಯೊಂದನ್ನು ಎಳೆದು ತಿರುವಿಗೆ ತಕ್ಕಂತೆ ಅದನ್ನು ವಾಲಿಸುತ್ತಿದ್ದ. 2006ರಲ್ಲಿ ಅದೇ ಪಿಯಾಜಿಯೊ ಕಂಪನಿ ಮುಂದೆ ಎರಡು ಗಾಲಿಯಿದ್ದೂ ಬೈಕಿನಂತೆ ವಾಲುವ ಎಂಪಿ3 ಸ್ಕೂಟರನ್ನು ತಂದಿತು. 2007ರಲ್ಲಿ ಕೆನಡಾದಿಂದ ಬಂದ ಕ್ಯಾನ್-ಆ್ಯಮ್ ಸ್ಪೈಡರ್ ಮುಂದೆ ಎರಡು, ಹಿಂದೆ ಒಂದು ಗಾಲಿಯ ಮೋಟಾರುಬೈಕು, ಅದು ವಾಲುವುದಿಲ್ಲ. ಅದಕ್ಕೂ ಓಟದ ಭಂಗಿಯ ಹ್ಯಾಂಡಲ್ ಹಾಕಿಕೊಳ್ಳುವವರಿದ್ದಾರೆ. ಅವರಿಗೆ ಅದು ಸಾಧ್ಯವಾಗುವುದಕ್ಕೆ ಕಾರಣ ಒಳಗಿನ ವಿದ್ಯುತ್ ಮೋಟಾರು. ಹ್ಯಾಂಡಲ್ ತಿರುಗಿಸಲು ಅದು ನೆರವಾಗುತ್ತದೆ, ಗಾಡಿ ಮಗುಚದಂತೆ ಕಾಯುವ ಯಂತ್ರವ್ಯವಸ್ಥೆಯೂ ಇದೆ. ಅಲ್ಲಿ ಸನ್ನೆಗೋಲು ಕಳೆದುಕೊಂಡ ಬಲವನ್ನು ಯಂತ್ರ ತುಂಬಿಕೊಡುತ್ತದೆ. ನಮ್ಮ ರಿಕ್ಷಾದಲ್ಲಿ ಅದನ್ನು ತುಂಬಿಕೊಡಬೇಕಾದ್ದು ಚಾಲಕನ ಹೆಗಲು.

ಮೂರನೆಯ ದೇಹ

ಇಷ್ಟು ಹೇಳಿದ ಮೇಲೆ ಹ್ಯಾಂಡಲ್ ಮುಟ್ಟಬಾರದು ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಕಾನೂನಿನ ಒಲವೂ ಆ ಕಡೆಗೇ. ಮೋಟಾರು ವಾಹನಗಳ ಕಾಯ್ದೆ 1988ರ 52ನೆಯ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು.

ಆದರೆ ಇಲ್ಲೇ ಫಾರ್ಫ್ಲರ್ ಮತ್ತೆ ಎದುರು ಬರುತ್ತಾನೆ. ಜಿಲ್ಲೆಯ ಪತ್ರಿಕಾ ಪುಟಗಳಲ್ಲಿ ಆಗಾಗ ‘ಅಂಗವಿಕಲರಿಗೆ ತ್ರಿಚಕ್ರ ವಾಹನ ವಿತರಣೆ’ ಎಂಬ ಸುದ್ದಿ, ಸಾಲಾಗಿ ನಿಂತ ಸ್ಕೂಟರುಗಳ ಚಿತ್ರ ಬರುತ್ತದೆ. ಹಿಂದಿನ ಗಾಲಿಯ ಎರಡೂ ಬದಿಗೆ ಸಹಾಯಕ ಗಾಲಿ ಕೂರಿಸಿದ ಆ ಸ್ಕೂಟರುಗಳಿಗೆ ಲೆಕ್ಕಕ್ಕೆ ನಾಲ್ಕು ಗಾಲಿ, ಜನರ ಬಾಯಲ್ಲಿ ಮೂರು. ಕೆಎ-30 ಸಂಖ್ಯೆಯ ಇಂಥ ಸ್ಕೂಟರುಗಳು ಕಾರವಾರದ ಕಚೇರಿಗಳ ಮುಂದೆ, ಅಂಕೋಲೆಯ ಬ್ಯಾಂಕುಗಳ ಮುಂದೆ ಕಾಣಸಿಗುತ್ತವೆ. ಬದಿಗಾಲಿ ಬಂದ ಕ್ಷಣವೇ ಸ್ಕೂಟರು ವಾಲುವುದನ್ನು ಮರೆತುಬಿಡುತ್ತದೆ. ಅಂದರೆ ಹ್ಯಾಂಡಲಿನ ಕೆಲಸವೇ ಬದಲಾಯಿತು. ಮೊದಲು ಸೂಚನೆ ಕೊಟ್ಟರೆ ಸಾಕಿತ್ತು, ಈಗ ಗಾಲಿಯನ್ನು ಒತ್ತಿ ತಿರುಗಿಸಬೇಕು. ಆದರೆ ಅನೇಕ ಸಲ ಹ್ಯಾಂಡಲ್ ಮಾತ್ರ ಎರಡು ಗಾಲಿಯ ಸ್ಕೂಟರಿನದೇ ಉಳಿದಿರುತ್ತದೆ. ಒಂದು ತೋಳಿನಲ್ಲಿ ಬಲ ಕಡಿಮೆ ಇರುವವರಿಗೆ, ಬೆನ್ನು ಮುಂದಕ್ಕೆ ಬಾಗದವರಿಗೆ, ಗಿಡ್ಡ ಮೈಕಟ್ಟಿನವರಿಗೆ ಅದು ತಕ್ಕ ಹ್ಯಾಂಡಲಲ್ಲ. ಅವರಿಗೆ ಅದನ್ನು ಎತ್ತರಿಸಬೇಕು, ಹಿಂದಕ್ಕೆ ಎಳೆಯಬೇಕು, ಅಗಲಿಸಬೇಕು, ಬ್ರೇಕನ್ನು ಒಂದೇ ಬದಿಗೆ ತರಬೇಕು. ಓಟದ ಭಂಗಿಗೆ ಮಾಡುವ ಮಾರ್ಪಾಡಿನ ನೇರ ವಿರುದ್ಧ ದಿಕ್ಕು ಇದು.

ಕಾನೂನು ಇದಕ್ಕೆ ಜಾಗ ಕೊಟ್ಟಿದೆ. ಹಳೆಯ ಕಾಯ್ದೆಯಲ್ಲಿ ‘ಅಶಕ್ತರ ಗಾಡಿ’ ಎಂಬರ್ಥದ ಪದವಿತ್ತು. 2019ರ ತಿದ್ದುಪಡಿ ‘ಅಳವಡಿಸಿದ ವಾಹನ’ ಎಂಬ ಅರ್ಥದ ಹೊಸ ವ್ಯಾಖ್ಯೆಯನ್ನು ತಂದಿತು: ದೈಹಿಕ ಕೊರತೆ ಇರುವವರಿಗಾಗಿಯೇ ಕಟ್ಟಿದ, ಅಥವಾ ಅವರಿಗಾಗಿ ಮಾರ್ಪಡಿಸಿದ ಗಾಡಿ. ಈ ಪದಗಳ ಬದಲಾವಣೆ ಸಣ್ಣದಲ್ಲ. ಹಳೆಯ ಪದ ಸವಾರನ ಕೊರತೆಯನ್ನು ಹೆಸರಿಸುತ್ತಿತ್ತು, ಹೊಸದು ಗಾಡಿಯ ಗುಣವನ್ನು ಹೆಸರಿಸುತ್ತದೆ. ಬಾಗಬೇಕಾದದ್ದು ಯಂತ್ರ ಎಂದು ಒಪ್ಪಿಕೊಂಡ ಭಾಷೆ ಅದು.

ಆದರೆ ಕಾಯ್ದೆಯ ಭಾಷೆಗೂ ಗ್ಯಾರೇಜಿನ ನೆಲಕ್ಕೂ ನಡುವೆ ದೂರವಿದೆ. ಬದಿಗಾಲಿ ಕೂರಿಸಿದ ಸ್ಕೂಟರನ್ನು ಹಂಚುವಾಗ ಎಲ್ಲರಿಗೂ ಒಂದೇ ಅಳತೆ. ಸವಾರನ ತೋಳಿನ ಉದ್ದ, ಯಾವ ಕೈಗೆ ಎಷ್ಟು ಬಲ, ಬೆನ್ನು ಎಷ್ಟು ಬಾಗುತ್ತದೆ ಎಂಬುದು ಹಂಚಿಕೆಯ ಪಟ್ಟಿಯ ಮಾತಲ್ಲ. ಆಮೇಲೆ ಅವರು ಊರಿನ ಗ್ಯಾರೇಜಿಗೆ ಹೋಗಿ ತಮ್ಮ ಖರ್ಚಿನಲ್ಲಿ ಹ್ಯಾಂಡಲ್ ಸರಿಮಾಡಿಸಿಕೊಳ್ಳಬೇಕು. ಆ ಗ್ಯಾರೇಜಿನವನ ಕೈ ಪಳಗಿರುವುದು ಬಹುಮಟ್ಟಿಗೆ ಹುಡುಗರ ಬೈಕಿನ ಹ್ಯಾಂಡಲ್ ಇಳಿಸಿ ಇಳಿಸಿ. ಕೊಳವೆ ಬಗ್ಗಿಸುವ, ಕೇಬಲ್ ಉದ್ದ ಹೊಂದಿಸುವ, ಪೂರ್ತಿ ತಿರುಗಿಸಿದಾಗ ಹಿಡಿ ಎಲ್ಲೂ ತಾಗದಂತೆ ನೋಡಿಕೊಳ್ಳುವ ಕೌಶಲ ಎರಡಕ್ಕೂ ಒಂದೇ. ಒಂದೇ ಪಾನ ಹಿಡಿದು ಒಬ್ಬನಿಗೆ ಅವನು ಶೋಕಿ ಮಾಡಿಕೊಡುತ್ತಾನೆ, ಇನ್ನೊಬ್ಬರಿಗೆ ಮನೆಯಿಂದ ಹೊರಬೀಳುವ ದಾರಿ ಮಾಡಿಕೊಡುತ್ತಾನೆ. ಕಾನೂನಿನ ಕಣ್ಣಿಗೆ ಇವೆರಡೂ ಬೇರೆ ಬೇರೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ರಿಕ್ಷಾ ಚಾಲಕ ಈ ಎರಡರ ನಡುವೆ ಸಿಕ್ಕಿಕೊಂಡವನು. ಅವನು ಓಟಗಾರನಲ್ಲ, ಕಾಯ್ದೆ ಹೆಸರಿಸುವ ಅಂಗವಿಕಲನೂ ಅಲ್ಲ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಅದೇ ಹ್ಯಾಂಡಲ್ ಹಿಡಿಯುವ ಅವನಿಗೆ ಹೆಗಲುನೋವು, ಸೊಂಟನೋವು ಹೊಸತಲ್ಲ. ಹಿಡಿಗೆ ಹಗ್ಗ ಸುತ್ತುತ್ತಾನೆ, ಮೆತ್ತನೆಯ ಹೊದಿಕೆ ಹಾಕುತ್ತಾನೆ, ಸೀಟಿನ ಹಿಂದೆ ದಿಂಬು ಇಡುತ್ತಾನೆ. ಆರು ಅಡಿಯ ಚಾಲಕನಿಗೂ ಐದು ಅಡಿಯ ಚಾಲಕಿಗೂ ಕಂಪನಿ ಕೊಡುವುದು ಒಂದೇ ಎತ್ತರದ ಹ್ಯಾಂಡಲ್. ಕಾರಿನ ಸ್ಟೀರಿಂಗನ್ನು ಮೇಲೆ ಕೆಳಗೆ ಹೊಂದಿಸಿಕೊಳ್ಳುವ ಸೌಲಭ್ಯ ಸಾಮಾನ್ಯವಾಗಿರುವ ಈ ಕಾಲದಲ್ಲಿ, ಹೊಂದಿಸಿಕೊಳ್ಳಬಹುದಾದ ರಿಕ್ಷಾ ಹ್ಯಾಂಡಲ್ ಅಸಾಧ್ಯದ ಮಾತಲ್ಲ. ಅದು ತಯಾರಕರೇ ಮಾಡಬೇಕಾದ ಕೆಲಸ. ಮಾಡಿದರೆ ಯಾರೂ ಕಾನೂನು ಮುರಿಯಬೇಕಾಗುವುದಿಲ್ಲ.

ಹ್ಯಾಂಡಲ್ ಬದಲಿಸಬೇಕೆಂದು ಯಾರಾದರೂ ಹೇಳಿದಾಗ ಮೊದಲು ಕೇಳಬೇಕಾದದ್ದು ‘ಯಾಕೆ ಬದಲಿಸುತ್ತೀರಿ’ ಎಂದಲ್ಲ, ‘ಯಾರ ದೇಹಕ್ಕಾಗಿ ಬದಲಿಸುತ್ತೀರಿ’ ಎಂದು. ರೋಲಿ ಫ್ರೀಯ ದೇಹಕ್ಕೆ ಹೊಂದಿದ ಹ್ಯಾಂಡಲನ್ನು ಶಿರವಾಡದ ನಿಲ್ದಾಣದಲ್ಲಿ ಕಾಯುವ ಚಾಲಕನಿಗೆ ಕೊಟ್ಟರೆ ಅವನ ಮಣಿಕಟ್ಟು ಸಂಜೆಯ ಹೊತ್ತಿಗೆ ಉತ್ತರ ಹೇಳುತ್ತದೆ. ಫಾರ್ಫ್ಲರ್ ತನ್ನ ಕುರ್ಚಿಯ ಹಿಡಿಯನ್ನು ತನ್ನದೇ ತೋಳಿಗೆ ಅಳತೆ ಮಾಡಿ ಕೂರಿಸಿದ್ದಿರಬೇಕು. ಅಂಕೋಲೆಯಲ್ಲಿ ಸರಕಾರದ ಸ್ಕೂಟರಿನ ಕೀಲಿ ಕೈಗೆ ತೆಗೆದುಕೊಳ್ಳುವವರ ತೋಳನ್ನೂ ಯಾರಾದರೂ ಒಮ್ಮೆ ಅಳೆದರೆ, ಆ ಅಳತೆಯನ್ನು ಅರ್ಜಿಯಲ್ಲೊಂದು ಸಾಲಾಗಿ ಬರೆದುಕೊಂಡರೆ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.